ಕಿಟಕಿಯ ಮೇಲೆ ಮರೆತ ಮೇಣ

ಮೇಣಕ್ಕೆ ಬಿಸಿಲು ತಗುಲಿದರೆ ಅದು ಕೂಡಲೇ ಕರಗುವುದಿಲ್ಲ. ಮೊದಲು ಹೊಳೆಯುತ್ತದೆ. ಇದು ಪುಸ್ತಕದಲ್ಲಿ ಓದಿದ್ದಲ್ಲ, ಸಂಜೆ ತರಗತಿಯಲ್ಲಿ ಮೇಷ್ಟ್ರು ಕಲಿಸಿದ್ದೂ ಅಲ್ಲ. ಹತ್ತೊಂಬತ್ತು ವರ್ಷ ಹಲ್ಲಿನ ಲ್ಯಾಬಿನಲ್ಲಿ ಕೂತ ಮೇಲೆ ಕಣ್ಣಿಗೆ ತಾನಾಗಿ ಬಂದ ತಿಳಿವಳಿಕೆ. ಆ ಬುಧವಾರ ಮಧ್ಯಾಹ್ನ ಕಿಟಕಿಯ ಕಟ್ಟೆಯ ಮೇಲಿದ್ದ ಮೇಣದ ಎಡ ಅಂಚು ಹೊಳೆಯುತ್ತಿತ್ತು. ಅದನ್ನು ಅಲ್ಲಿಟ್ಟವಳು ನಾನೇ.

ನಾನು ಡಾಕ್ಟರಲ್ಲ. ಡಾಕ್ಟರು ರೋಗಿಯ ಬಾಯಿಂದ ಅಳತೆ ತೆಗೆದು ಕಳಿಸುತ್ತಾರೆ. ನಾವು ಅದರಲ್ಲಿ ಪ್ಲಾಸ್ಟರ್ ಹೊಯ್ದು ಹಲ್ಲಿನ ಅಚ್ಚು ಮಾಡಿಕೊಂಡು, ಕಟ್ಟುಹಲ್ಲೋ ತಟ್ಟೆಯೋ ಏನು ಬೇಕೋ ಅದನ್ನು ಆ ಅಚ್ಚಿನ ಮೇಲೆ ತಯಾರಿಸಿ ವಾಪಸ್ಸು ಕಳಿಸುತ್ತೇವೆ. ಮನುಷ್ಯರನ್ನು ನೋಡುವುದಿಲ್ಲ. ದಾರಿಯಲ್ಲಿ ಯಾರಾದರೂ ನಕ್ಕರೆ ಮಾತ್ರ, ಓ ಇವರು ಕಳೆದ ವರ್ಷದ ಎಪ್ಪತ್ತೆರಡನೇ ನಂಬರು, ಎಂದು ಗುರುತು ಸಿಕ್ಕಿಬಿಡುತ್ತದೆ. ಅವರಿಗೆ ನನ್ನ ಗುರುತು ಇರುವುದಿಲ್ಲ. ಹಾಗಿರುವುದೇ ನನಗೆ ಒಗ್ಗಿತ್ತು.

ಆ ಬುಧವಾರ ನನ್ನ ಮುಂದಿದ್ದ ಅಚ್ಚು ಒಬ್ಬ ಬಸ್ ಡ್ರೈವರನದು. ಕಾರ್ಡಿನ ಮೇಲೆ ಡಾಕ್ಟರಮ್ಮ ಬರೆದಿದ್ದರು: ಗಂಡು, ನಲವತ್ತೆಂಟು, ಬಸ್ ಚಾಲಕ, ನಿದ್ದೆಯಲ್ಲಿ ಉಸಿರು ನಿಲ್ಲುವ ತೊಂದರೆ. ಅಂಥವರಿಗೆ ನಾವು ಮಾಡಿಕೊಡುವುದು ಎರಡು ತಟ್ಟೆ, ಮೇಲಿನ ಹಲ್ಲಿಗೊಂದು, ಕೆಳಗಿನ ಹಲ್ಲಿಗೊಂದು. ಎರಡನ್ನೂ ಅಕ್ಕಪಕ್ಕದಲ್ಲಿ ಸಣ್ಣ ಸ್ಕ್ರೂಗಳು ಜೋಡಿಸಿರುತ್ತವೆ. ಮಲಗುವಾಗ ಹಾಕಿಕೊಂಡರೆ ಕೆಳದವಡೆ ನಾಲ್ಕಾರು ಮಿಲಿಮೀಟರು ಮುಂದೆ ಬಂದು ನಿಲ್ಲುತ್ತದೆ. ದವಡೆಯ ಜೊತೆ ನಾಲಿಗೆಯೂ ಮುಂದೆ ಬರುತ್ತದೆ, ಗಂಟಲಿನ ದಾರಿ ತೆರೆದಿರುತ್ತದೆ, ಉಸಿರು ನಿಲ್ಲುವುದಿಲ್ಲ. ಕಾರ್ಡಿನಲ್ಲಿ ಅದಕ್ಕೆ ಉದ್ದನೆಯ ಹೆಸರಿರುತ್ತದೆ. ನಮ್ಮ ಬಾಯಲ್ಲಿ ಅದು ಜೋಡಿತಟ್ಟೆ.

ದವಡೆ ಎಷ್ಟು ಮುಂದೆ ಬರಬೇಕು ಎಂಬುದನ್ನು ಹೇಳುವುದು ಮೇಣ. ಡಾಕ್ಟರು ರೋಗಿಗೆ ದವಡೆ ಮುಂದೆ ಚಾಚಿಸಿ, ಬೆಚ್ಚಗಿನ ಮೇಣದ ಪಟ್ಟಿಯನ್ನು ಕಚ್ಚಿಸುತ್ತಾರೆ. ಅದು ಗಟ್ಟಿಯಾದ ಮೇಲೆ ನಮಗೆ ಬರುತ್ತದೆ. ಮೇಲಿನ ಅಚ್ಚು, ಕೆಳಗಿನ ಅಚ್ಚು, ನಡುವೆ ಮೇಣ. ಅದು ಕೂರಿಸಿದ ಹಾಗೆ ದವಡೆ ಕೂರಬೇಕು. ಈ ಡಾಕ್ಟರಮ್ಮ ಕಾರ್ಡಿನಲ್ಲಿ ಅಂಕಿ ಬರೆಯುವುದಿಲ್ಲ. 'ಮೇಣದಂತೆ' ಎಂದಷ್ಟೇ ಬರೆಯುತ್ತಾರೆ. ಅಂಕಿ ಅವರ ಪುಸ್ತಕದಲ್ಲಿರುತ್ತದೆ.

ಮೇಣವನ್ನು ತಣ್ಣೀರಿನ ಬಟ್ಟಲಲ್ಲಿಡಬೇಕು. ನಾನು ಯಾವಾಗಲೂ ಇಡುತ್ತೇನೆ. ಅವತ್ತು ಒದ್ದೆ ಮೇಣ ಪ್ಲಾಸ್ಟರಿಗೆ ತಾಗದಿರಲಿ ಎಂದು ಹೊರತೆಗೆದು ಒರೆಸಿ ಕಿಟಕಿಯ ಕಟ್ಟೆಯ ಮೇಲಿಟ್ಟೆ. ಎರಡು ನಿಮಿಷದ ಮಾತು. ಅಷ್ಟರಲ್ಲಿ ಅಮ್ಮನ ಫೋನು ಬಂತು, ಕನ್ನಡಕ ಎಲ್ಲಿಟ್ಟಿದ್ದೀಯ ಎಂದು. ಮೇಜು, ಕಪಾಟು, ದಿಂಬಿನ ಅಡಿ ಎಲ್ಲ ಹುಡುಕಿಸಿದೆ. ಕೊನೆಗೆ ಅದು ಅಮ್ಮನ ನೆತ್ತಿಯ ಮೇಲೇ ಇತ್ತು. ಇಬ್ಬರೂ ನಕ್ಕೆವು. ನಗುತ್ತಲೇ ಒಳಗೆ ಬಂದರೆ ಬಿಸಿಲು ಕಿಟಕಿಯ ಸರಳು ದಾಟಿ ಕಟ್ಟೆಗೆ ಬಂದಿತ್ತು.

ಕೈಗೆತ್ತಿಕೊಂಡಾಗ ಮೇಣ ಗಟ್ಟಿಯಾಗಿಯೇ ಇತ್ತು. ಅಚ್ಚುಗಳ ನಡುವೆ ಇಟ್ಟು ನೋಡಿದೆ. ಕೂತಿತು. ಸಲೀಸಾಗಿ ಕೂತಿತು, ಅದೇ ನನಗೆ ಹಿಡಿಸಲಿಲ್ಲ. ಸರಿಯಾದ ಮೇಣ ಕೂರುವ ಮುಂಚೆ ಸ್ವಲ್ಪ ಹಟ ಮಾಡುತ್ತದೆ. ಇದು ಹೇಳಿದ ಹಾಗೆ ಕೇಳಿತು.

ಅಳೆದೆ. ದವಡೆ ನಾಲ್ಕೂಕಾಲು ಮಿಲಿಮೀಟರು ಮುಂದೆ ಬಂದಿತ್ತು. ಮೊದಲು ಎಷ್ಟಿತ್ತು? ಮೇಣ ಬಂದ ತಕ್ಷಣ ಅಳೆದು ಬರೆದಿಡುವ ಅಭ್ಯಾಸ ನನಗಿದೆ. ಅವತ್ತು ಬೆಳಿಗ್ಗೆ ಬರೆದಿರಲಿಲ್ಲ.

ಮೇಷ್ಟ್ರಿಗೆ ತೋರಿಸಿದೆ. ಲ್ಯಾಬು ಅವರದು. ರಟ್ಟಿನ ಡಬ್ಬಿ ಮಡಚುವ ಕೆಲಸದಲ್ಲಿದ್ದ ನನಗೆ ದಿನಾ ಸಂಜೆ ಆರರಿಂದ ಎಂಟರವರೆಗೆ ಇದೇ ಮೇಜಿನ ಮೇಲೆ ಈ ವಿದ್ಯೆ ಕಲಿಸಿದವರು ಅವರು. ಅವರು ಮೇಣವನ್ನು ತಿರುಗಿಸಿ ನೋಡಿ, ಚೆನ್ನಾಗಿದೆಯಲ್ಲ, ನಾಲ್ಕು ಅಂದರೆ ಎಷ್ಟೋ ಜನರ ಅಳತೆ, ಹೆಚ್ಚು ಬೇಕಾದರೆ ಸ್ಕ್ರೂ ಇದ್ದೇ ಇದೆ ಎಂದರು. ಡಾಕ್ಟರಮ್ಮನಿಗೆ ಒಂದು ಮಾತು ಕೇಳಿಬಿಡೋಣವೇ ಎಂದೆ. ಮೇಷ್ಟ್ರು ಕನ್ನಡಕ ತೆಗೆದರು.

"ನೀನು ಮೊಸರಲ್ಲಿ ಕಲ್ಲು ಹುಡುಕೋಳು. ಸಿಗದೆ ಇದ್ರೆ ನೀನೇ ಒಂದು ಹಾಕಿ ಹುಡುಕ್ತೀಯ" ಎಂದರು.

ಅದರಲ್ಲಿ ಸುಳ್ಳಿರಲಿಲ್ಲ. ಹಿಂದಿನ ವರ್ಷ ಮೂರು ಸಲ ನಾನು ಅನುಮಾನಪಟ್ಟು ಡಾಕ್ಟರುಗಳಿಗೆ ಫೋನು ಮಾಡಿದ್ದೆ. ಮೂರು ಸಲವೂ ಕೆಲಸ ಸರಿಯಾಗಿಯೇ ಇತ್ತು. ಒಬ್ಬ ಅಜ್ಜಿಯನ್ನು ಸುಮ್ಮಸುಮ್ಮನೆ ಎರಡು ಬಸ್ಸು ಹತ್ತಿ ಬರುವ ಹಾಗೆ ಮಾಡಿದ್ದೆ. ಅಂದಿನಿಂದ ಮೇಷ್ಟ್ರು ನನ್ನನ್ನು ಮಿಲಿಮೀಟರಮ್ಮ ಎಂದು ಕರೆಯುತ್ತಾರೆ, ಡಾಕ್ಟರುಗಳಿಗೆ ಫೋನು ಮಾಡುವ ಕೆಲಸವನ್ನು ತಾವೇ ಇಟ್ಟುಕೊಂಡಿದ್ದಾರೆ. ತೋಳ ಬಂತು ತೋಳ ಎಂದು ಕೂಗಿದವಳ ಪಾಡು ಇಷ್ಟೇ. ನನ್ನ ಕಣ್ಣಿಗಿಂತ ಅವರ ಕಣ್ಣು ಹಳೆಯದು ಎಂದುಕೊಂಡೆ. ಆ ಮೇಣದ ಮೇಲೇ ಜೋಡಿತಟ್ಟೆ ಮಾಡಿ ಶನಿವಾರ ಕಳಿಸಿಕೊಟ್ಟೆ.

ಇಷ್ಟೇ ಆಗಿದ್ದರೆ ಮರೆಯುತ್ತಿದ್ದೆನೋ ಏನೋ. ಆದರೆ ಆ ಅಚ್ಚಿನಲ್ಲಿ ಇನ್ನೊಂದು ವಿಷಯವಿತ್ತು. ಕೆಳಗಿನ ಸಾಲಿನ ಮುಂದಿನ ನಾಲ್ಕು ಹಲ್ಲಿನಲ್ಲಿ ಎಡಗಡೆಯ ಒಂದು, ಸರತಿಯಲ್ಲಿ ನಿಲ್ಲಲಾರದೆ ಮುಂದೆ ನುಗ್ಗಿದವನ ಹಾಗೆ, ಪಕ್ಕದ ಹಲ್ಲಿನ ಮೇಲೆ ಭುಜ ಇಟ್ಟು ನಿಂತಿತ್ತು. ಅಪ್ಪನಿಗೂ ಅಲ್ಲೇ ಹಾಗೆಯೇ ಇತ್ತು. ಸಾವಿರಾರು ಬಾಯಿಗಳ ಅಚ್ಚು ನೋಡಿದ ನನಗೆ ಅದು ದೊಡ್ಡ ಅಚ್ಚರಿಯಾಗಬಾರದು. ಮೊದಲ ದಿನ ಪ್ಲಾಸ್ಟರಿನಿಂದ ಅಳತೆಯನ್ನು ಬಿಡಿಸಿ ತೆಗೆದಾಗ ಮಾತ್ರ ಕೈ ಒಂದು ಗಳಿಗೆ ಹಾಗೇ ನಿಂತಿತ್ತು.

ಅಪ್ಪ ಲಾರಿ ಓಡಿಸುತ್ತಿದ್ದ. ಅವನ ಗೊರಕೆ ಇಡೀ ಬೀದಿಗೆ ಗೊತ್ತಿತ್ತು. ಎದುರುಮನೆಯಾಕೆ ಅಮ್ಮನನ್ನು, ಲಾರಿಯನ್ನು ಮನೆಯೊಳಗೇ ನಿಲ್ಲಿಸುತ್ತೀರಾ ಎಂದು ಕೇಳುತ್ತಿದ್ದಳು. ಹಗಲು ಹೊತ್ತು ಮಾತಾಡುತ್ತಾ ಆಡುತ್ತಾ, ಕೈಯಲ್ಲಿ ತುತ್ತು ಹಿಡಿದುಕೊಂಡೇ ತೂಕಡಿಸಿಬಿಡುತ್ತಿದ್ದ. ಎಬ್ಬಿಸಿದರೆ, ಮಲಗಿರಲಿಲ್ಲ, ಕಣ್ಣು ಮುಚ್ಚಿದ್ದೆ ಅಷ್ಟೇ ಎನ್ನುತ್ತಿದ್ದ. ಗೊರಕೆಗೆ ನಾವು ಹೆದರುತ್ತಿರಲಿಲ್ಲ. ಗೊರಕೆ ಕೇಳುವ ತನಕ ಅಪ್ಪ ಇದ್ದಾನೆ ಎಂದರ್ಥ. ಹೆದರಿಕೆ ಇದ್ದದ್ದು ಅದು ನಿಂತಾಗ. ಒಮ್ಮೆಲೇ ಮನೆ ನಿಶ್ಶಬ್ದವಾಗುತ್ತಿತ್ತು. ಗೋಡೆಯ ಗಡಿಯಾರ ಕೇಳಿಸಲು ಶುರುವಾಗುತ್ತಿತ್ತು. ಅಪ್ಪನ ಎದೆ ಏಳಲು ನೋಡುತ್ತಿತ್ತು, ಗಾಳಿ ಮಾತ್ರ ಒಳಗೆ ಹೋಗುತ್ತಿರಲಿಲ್ಲ. ಆಮೇಲೆ ನೀರಿನಿಂದ ಮೇಲೆದ್ದವನ ಹಾಗೆ ಒಂದು ಏದುಸಿರು.

ದೂರದ ಬಾಡಿಗೆ ಇದ್ದ ದಿನ ಅಪ್ಪ ಮಧ್ಯಾಹ್ನ ಉಂಡು ಒಂದು ಗಂಟೆ ಮಲಗಿ ಹೊರಡುತ್ತಿದ್ದ. ಅಮ್ಮ ನನ್ನನ್ನು ಪಕ್ಕದಲ್ಲಿ ಕೂರಿಸುತ್ತಿದ್ದಳು. ನನಗೆ ಹನ್ನೊಂದು ವರ್ಷ. ಸದ್ದು ನಿಂತರೆ ಹತ್ತು ಎಣಿಸು, ಹತ್ತಕ್ಕೂ ಉಸಿರು ಬರದಿದ್ದರೆ ಭುಜ ಹಿಡಿದು ಅಲ್ಲಾಡಿಸು. ಅದು ನನ್ನ ಕೆಲಸ. ಆ ಕಾಯಿಲೆಗೊಂದು ಹೆಸರಿದೆ ಎಂದು ನಮಗೆ ಯಾರೂ ಹೇಳಿರಲಿಲ್ಲ.

ಕೊನೆಯ ದಿನವೂ ನಾನೇ ಕೂತಿದ್ದೆ. ಸದ್ದು ನಿಂತಿತು. ಎಣಿಸಿದೆ. ಹತ್ತು ದಾಟಿತು. ಅಲ್ಲಾಡಿಸಲಿಲ್ಲ. ಯಾಕೆ ಎಂದು ಮೂವತ್ತನಾಲ್ಕು ವರ್ಷದಿಂದ ಕೇಳಿಕೊಳ್ಳುತ್ತಿದ್ದೇನೆ. ಅವನ ಮುಖ ಅವತ್ತು ನೆಮ್ಮದಿಯಾಗಿ ಕಂಡಿತು ಅನ್ನಿಸುತ್ತದೆ. ಇಪ್ಪತ್ತರ ಸುಮಾರಿಗೆ ಉಸಿರು ತಾನಾಗಿ ಬಂತು. ಎರಡು ಗಂಟೆಗೆ ಎದ್ದು ಮುಖ ತೊಳೆದು, ನನ್ನ ಜಡೆ ಎಳೆದು, ಹೋದ. ನಾಲ್ಕೂವರೆಗೆ, ನೆಟ್ಟಗಿನ ರಸ್ತೆಯಲ್ಲಿ, ಒಳ್ಳೆ ಬೆಳಕಿನಲ್ಲಿ, ಲಾರಿ ಸೇತುವೆಯ ಗೋಡೆಗೆ ಹೊಡೆಯಿತು. ಬ್ರೇಕು ಹಾಕಿದ ಗುರುತೇ ಇರಲಿಲ್ಲವಂತೆ. ಕುಡಿದಿದ್ದ ಎಂದರು ಜನ. ಜನ್ಮದಲ್ಲಿ ಕುಡಿದವನಲ್ಲ. ಅಮ್ಮ ಅದನ್ನೂ ನುಂಗಿಕೊಂಡಳು.

ಒಂದು ಸಲ ಅಲ್ಲಾಡಿಸಿದ್ದರೆ ಏನೂ ಬದಲಾಗುತ್ತಿರಲಿಲ್ಲ ಎಂದು ಈಗ ನನಗೆ ಗೊತ್ತು. ಅವನ ನಿದ್ದೆ ವರ್ಷಗಟ್ಟಲೆಯಿಂದ ಕೆಟ್ಟಿತ್ತು. ಗೊತ್ತಿರುವುದು ತಲೆಗೆ. ಕೈಗೆ ಗೊತ್ತಿಲ್ಲ.

ಜೋಡಿತಟ್ಟೆ ಕಳಿಸಿ ನಾಲ್ಕು ವಾರ ಕಳೆದ ಮೇಲೆ, ಒಂದು ಮಂಗಳವಾರ, ಡಾಕ್ಟರಮ್ಮ ಮೇಷ್ಟ್ರಿಗೆ ಫೋನು ಮಾಡಿದರು. ಹೊಗಳಲು ಯಾರೂ ಫೋನು ಮಾಡುವುದಿಲ್ಲ, ಹಾಗಾಗಿ ಮೇಷ್ಟ್ರು ಅದನ್ನು ಎಲ್ಲರಿಗೂ ಕೇಳುವ ಹಾಗೆ ಇಟ್ಟರು. ಡ್ರೈವರನಿಗೆ ದವಡೆ ಸ್ವಲ್ಪವೂ ನೋಯಲಿಲ್ಲವಂತೆ. ಡಾಕ್ಟರಮ್ಮ ಎರಡು ವಾರದಲ್ಲಿ ಸ್ಕ್ರೂವನ್ನು ಎಂಟು ತಿರುವು ಮುಂದೆ ಹಾಕಿದ್ದರು. ಒಂದು ತಿರುವಿಗೆ ಕಾಲು ಮಿಲಿಮೀಟರು. ಆರಕ್ಕೆ ಎರಡು ಸೇರಿ ಈಗ ಎಂಟರಲ್ಲಿದೆ ಎಂದರು. ಗೊರಕೆ ಪೂರ್ತಿ ನಿಂತಿದೆಯಂತೆ. ರಜೆಯಲ್ಲಿ ಶಾಲೆ ಇದ್ದ ಹಾಗಿದೆ ಮನೆ ಎಂದು ಹೆಂಡತಿ ಹೇಳಿ ಕಳಿಸಿದ್ದಾಳಂತೆ. ನಿದ್ದೆಯ ಪರೀಕ್ಷೆಯನ್ನು ತಟ್ಟೆ ಹಾಕಿಕೊಂಡು ಇನ್ನೊಮ್ಮೆ ಮಾಡಿಸಬೇಕು, ಆದರೆ ಸರತಿ ಉದ್ದ ಇದೆ, ಎರಡು ತಿಂಗಳಾಗುತ್ತದೆ. ಅಲ್ಲಿಯ ತನಕ, ಬಸ್ಸು ಓಡಿಸಬಹುದು ಎಂದು ಡಾಕ್ಟರಮ್ಮ ಬರೆದ ಪತ್ರ ಸಾಕು ಎಂದು ಡಿಪೋದವರು ಒಪ್ಪಿದ್ದಾರೆ. ಶುಕ್ರವಾರ ನಾಲ್ಕು ಗಂಟೆಗೆ ಪತ್ರ ಒಯ್ಯುತ್ತಾನೆ. ಸೋಮವಾರದಿಂದ ಬಸ್ಸು.

ನನ್ನ ಕೈಯಲ್ಲಿದ್ದ ಚಾಕು ಹಾಗೇ ನಿಂತಿತು. ಆರಕ್ಕೆ ಎರಡು ಸೇರಿ, ಎಂದರು. ನನ್ನ ಅಚ್ಚಿನಲ್ಲಿ ಇದ್ದದ್ದು ನಾಲ್ಕೂಕಾಲು. ಅವರು ಎಂಟು ಎಂದುಕೊಂಡಿರುವುದು ಆರರ ಹತ್ತಿರ ನಿಂತಿದೆ. ಗೊರಕೆ ನಿಲ್ಲಲು ಅಷ್ಟು ಸಾಕಾಗಿದೆ. ಉಸಿರಿಗೆ ಸಾಕೇ? ಮನೆ ನಿಶ್ಶಬ್ದವಾಗಿದೆ ಎಂದು ಎಲ್ಲರೂ ಸಂತೋಷಪಡುತ್ತಿದ್ದಾರೆ.

ಮೇಷ್ಟ್ರಿಗೆ ಹೇಳಿದೆ. ಅವರು ಬೇಸರದಿಂದ ಅಲ್ಲ, ದಣಿದು ಉತ್ತರ ಕೊಟ್ಟರು. ಹೊಗಳಿದ ಕೆಲಸದಲ್ಲೂ ತಪ್ಪು ಹುಡುಕುತ್ತೀಯಲ್ಲ, ರೋಗಿ ಚೆನ್ನಾಗಿದ್ದಾನೆ, ನಿನಗೆ ಚೆನ್ನಾಗಿಲ್ಲ, ಎರಡು ದಿನ ರಜ ಹಾಕು ಎಂದರು. ನನಗೂ ಹಾಗೇ ಇರಬಹುದು ಅನ್ನಿಸಿತು.

ನಮ್ಮ ಲ್ಯಾಬಿನ ಮೂಲೆಯಲ್ಲಿ ಪ್ರೆಶರ್ ಪಾಟ್ ಇತ್ತು. ತಟ್ಟೆಯ ಅಕ್ರಿಲಿಕ್ಕನ್ನು ಗಾಳಿಯ ಒತ್ತಡದಲ್ಲಿ ಗಟ್ಟಿ ಮಾಡುವ ಪಾತ್ರೆ. ಅದರ ಕವಾಟ ಹಳೆಯದಾಗಿ ಸೋರುತ್ತಿತ್ತು. ಹುಸ್ಸೆಂದು ಒಂದು ಉದ್ದ ಉಸಿರು ಬಿಟ್ಟು, ಸುಮ್ಮನಾಗಿ, ಒತ್ತಡ ಏರಿದ ಮೇಲೆ ಮತ್ತೊಂದು ಬಿಡುತ್ತಿತ್ತು. ವರ್ಷಗಳಿಂದ ಕೇಳಿದ ಸದ್ದು, ಕಿವಿಗೆ ಬಿದ್ದೇ ಇರಲಿಲ್ಲ. ಬುಧವಾರ ಬೆಳಿಗ್ಗೆಯಿಂದ ಬೀಳತೊಡಗಿತು. ಬೆನ್ನ ಹಿಂದೆ ಒಂದು ಉಸಿರು. ನಿಶ್ಶಬ್ದ. ನನಗೆ ತಿಳಿಯದೆಯೇ ತುಟಿ ಎಣಿಸುತ್ತಿತ್ತು. ಎಂಟು, ಒಂಬತ್ತು, ಮತ್ತೊಂದು ಉಸಿರು. ಹನ್ನೆರಡು, ಹದಿಮೂರು. ಅಂತರ ಹೆಚ್ಚುತ್ತಾ ಹೋಗುತ್ತಿದೆ ಎನ್ನಿಸಿತು. ಗುರುವಾರ ಮಧ್ಯಾಹ್ನ ಹತ್ತೊಂಬತ್ತಕ್ಕೆ ಬಂದಾಗ ತಡೆಯಲಾರದೆ, ಮೇಷ್ಟ್ರೇ, ಆ ಪಾಟ್ ಒಂದು ಸ್ವಲ್ಪ ನಿಲ್ಲಿಸಿ ಎಂದೆ.

ಮೇಷ್ಟ್ರು ತಲೆ ಎತ್ತಿ ನನ್ನನ್ನೇ ನೋಡಿದರು.

"ಯಾವ ಪಾಟ್? ನಿನ್ನೆ ಬೆಳಿಗ್ಗೇನೇ ರಿಪೇರಿಗೆ ಕಳಿಸಿದೀನಲ್ಲಮ್ಮ" ಎಂದರು.

ಮೂಲೆಗೆ ತಿರುಗಿದೆ. ಪಾಟ್ ಇದ್ದ ಜಾಗದಲ್ಲಿ ತುಕ್ಕಿನ ಒಂದು ಉಂಗುರ ಮಾತ್ರ ಇತ್ತು. ಅದರ ಮೇಲಿನ ಶೆಲ್ಫಿನಲ್ಲಿ, ಮುಗಿದ ಕೆಲಸಗಳ ಸಾಲಿನಲ್ಲಿ, ಡ್ರೈವರನ ಅಚ್ಚು. ಮೇಲಿನದು ಕೆಳಗಿನದು ಜೋಡಿಸಿ ರಬ್ಬರು ಹಾಕಿಟ್ಟಿದ್ದೆ. ರಬ್ಬರು ಯಾವಾಗಲೋ ತುಂಡಾಗಿ ಬಾಯಿ ಒಂದಿಷ್ಟು ತೆರೆದುಕೊಂಡಿತ್ತು. ನುಗ್ಗಿದ ಹಲ್ಲು ನನ್ನ ಕಡೆಗಿತ್ತು.

ಶುಕ್ರವಾರ ಮೂರೂವರೆಗೆ, ಮೇಷ್ಟ್ರಿಗೆ ಹೇಳದೆ, ಡಾಕ್ಟರಮ್ಮನ ಕ್ಲಿನಿಕ್ಕಿಗೆ ಹೊರಟೆ. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ. ನಾನು ಮಾಡಿದ ಸಾಮಾನೆಲ್ಲ ಹೋಗುವ ಜಾಗ ಹೇಗಿದೆ ಎಂದೇ ನನಗೆ ಗೊತ್ತಿರಲಿಲ್ಲ. ಬಿಳಿ ಗೋಡೆ, ಎದುರುಬದುರು ಎರಡು ಸಾಲು ಕುರ್ಚಿ, ಮೀನಿಲ್ಲದ ಮೀನಿನ ತೊಟ್ಟಿ. ಒಳಗಿನಿಂದ ಹಲ್ಲು ಕೊರೆಯುವ ಸದ್ದು ಬರುತ್ತಿತ್ತು. ಡಾಕ್ಟರಮ್ಮ ಒಬ್ಬರನ್ನು ನೋಡುತ್ತಿದ್ದರು. ಹೊರಗೆ ಇದ್ದದ್ದು ಒಬ್ಬನೇ. ಖಾಕಿ ಪ್ಯಾಂಟು, ಇಸ್ತ್ರಿ ಮಾಡಿದ ಅಂಗಿ, ಹೊಸದಾಗಿ ಕತ್ತರಿಸಿದ ಕೂದಲು. ಗೋಡೆಗೆ ತಲೆ ಒರಗಿಸಿ ಮಲಗಿದ್ದ. ಹಗಲು ನಾಲ್ಕು ಗಂಟೆ, ಕಿಟಕಿಯ ಬೆಳಕು ನೇರ ಮುಖದ ಮೇಲಿತ್ತು. ಬಾಯಿ ಸ್ವಲ್ಪ ತೆರೆದಿತ್ತು. ಡಾಕ್ಟರಮ್ಮ ಕೊನೆಯ ಸಲ ನೋಡಲು ತಟ್ಟೆ ಹಾಕಿಕೊಂಡೇ ಕೂರು ಎಂದಿರಬೇಕು. ನಾನು ಪಾಲಿಶ್ ಮಾಡಿದ ಅಂಚು ತುಟಿಯ ಸಂದಿಯಲ್ಲಿ ಹೊಳೆಯುತ್ತಿತ್ತು. ಅದರ ಒಳಗೆ ಆ ಹಲ್ಲು.

ಗೊರಕೆ ಇರಲಿಲ್ಲ. ಹೆಂಡತಿ ಹೇಳಿದ್ದು ನಿಜ.

ಎದುರು ಕುರ್ಚಿಯಲ್ಲಿ ಕೂತೆ. ಒಳಗಿನ ಯಂತ್ರ ನಿಂತಿತು. ಎಲ್ಲಿಯೋ ಗಡಿಯಾರವಿತ್ತು, ಅದು ಕೇಳಿಸಲು ಶುರುವಾಯಿತು. ಅವನ ಎದೆ ಏಳಲು ನೋಡಿತು, ಹೊಟ್ಟೆ ಸೆಳೆದುಕೊಂಡಿತು, ಗಾಳಿ ಹೋಗಲಿಲ್ಲ. ನಾನು ಎಣಿಸತೊಡಗಿದೆ. ಹತ್ತು. ಮುಖ ನೆಮ್ಮದಿಯಾಗಿತ್ತು. ಅಷ್ಟು ನೆಮ್ಮದಿಯ ಮುಖವನ್ನು ಯಾರಾದರೂ ಯಾಕೆ ಎಬ್ಬಿಸಬೇಕು ಎನ್ನಿಸುವಂಥ ಮುಖ. ಹದಿನೈದು. ಕುರ್ಚಿಯ ಕೈಗಳನ್ನು ಹಿಡಿದುಕೊಂಡಿದ್ದೆ. ಇಪ್ಪತ್ತು. ಇಪ್ಪತ್ತಮೂರಕ್ಕೆ ನಾನು ಎದ್ದು ಹೋಗಿ, ಗುರುತಿಲ್ಲದ ಒಬ್ಬ ಗಂಡಸಿನ ಭುಜ ಹಿಡಿದು ಜೋರಾಗಿ ಅಲ್ಲಾಡಿಸುತ್ತಿದ್ದೆ.

ಏದುಸಿರು ಬಿಟ್ಟು ಎದ್ದ. ನರ್ಸ್ ಎಂದುಕೊಂಡಿರಬೇಕು. ತಟ್ಟೆಯನ್ನು ಅಂಗೈಗೆ ತೆಗೆದುಕೊಂಡು, ನನ್ನ ಸರದಿ ಬಂತಾ ಎಂದು ಕೇಳಿದ.

"ಇಲ್ಲ. ನಿಮಗೆ ಉಸಿರು ನಿಂತಿತ್ತು" ಎಂದೆ.

"ನಿದ್ದೇನೇ ಮಾಡಿಲ್ಲಮ್ಮ ನಾನು. ಕಣ್ಣು ಮುಚ್ಚಿದ್ದೆ ಅಷ್ಟೇ."

ಅವನ ಪಕ್ಕದ ಕುರ್ಚಿಯಲ್ಲೇ ಕೂತೆ. ಇಪ್ಪತ್ತಮೂರು ಎಣಿಸಿದೆ ಎಂದೆ. ಎಣಿಸೋಕೆ ನೀವ್ಯಾರು ಎಂದ. ಅವನ ಅಂಗೈಯಲ್ಲಿದ್ದ ತಟ್ಟೆಯನ್ನು ತೋರಿಸಿ, ಇದನ್ನ ಮಾಡಿದೋಳು ಎಂದೆ. ಅವನ ಮುಖ ಅರಳಿತು.

"ಅಯ್ಯೋ, ನೀವೇನಾ? ನನ್ನ ಹೆಂಡತಿ ಕೈಗೆ ಸಿಕ್ಕಿದ್ರೆ ನಿಮ್ಮ ಕಾಲಿಗೆ ಬೀಳ್ತಾಳೆ. ಹದಿನೈದು ವರ್ಷದ ಮೇಲೆ ಮನೆ ಗಡಿಯಾರದ ಸದ್ದು ಕೇಳಿಸ್ತಿದೆಯಂತೆ."

"ಅದೇ ತೊಂದರೆ" ಎಂದೆ.

ಆಮೇಲೆ ಎಲ್ಲವನ್ನೂ ಹೇಳಿದೆ. ಕಿಟಕಿ, ಬಿಸಿಲು, ಹೊಳೆದ ಅಂಚು, ಬರೆದಿಡದ ಅಂಕಿ. ಡಾಕ್ಟರಮ್ಮನಿಗೆ ಹೇಳಲೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತು ಅವನ ಮುಂದೆ ಚೆಲ್ಲಾಪಿಲ್ಲಿಯಾಗಿ ಬಂತು. ಅವನ ನಗು ಹಂತಹಂತವಾಗಿ ಇಳಿಯಿತು. ಸೋಮವಾರದ ಡ್ಯೂಟಿ ಪಟ್ಟಿಯಲ್ಲಿ ಹೆಸರು ಬಂದಾಗಿದೆ ಎಂದ. ಇಪ್ಪತ್ತೆರಡು ವರ್ಷ ಸ್ಟೀರಿಂಗ್ ಹಿಡಿದವನು ಐದು ತಿಂಗಳಿಂದ ಡಿಪೋ ಗೇಟಿನಲ್ಲಿ ಕೂತು ಹೋಗುವ ಬರುವ ಬಸ್ಸಿನ ನಂಬರು ಬರೆಯುತ್ತಿದ್ದಾನೆ. ನಿನ್ನೆ ಮೊನ್ನೆ ಕೆಲಸಕ್ಕೆ ಸೇರಿದವರು ಗೇಟಿನ ಹತ್ತಿರ ಬಂದು, ಕುಂಭಕರ್ಣ ಎದ್ದನೋ ಇಲ್ಲವೋ ಎಂದು ಹಾರನ್ ಹೊಡೆದು ಹೋಗುತ್ತಾರಂತೆ.

"ನಿಮ್ಮ ಮೇಣ ಬಾಗಿದ್ದಕ್ಕೆ ನಾನ್ಯಾಕಮ್ಮ ಗೇಟಲ್ಲಿ ಕೂರಬೇಕು?" ಎಂದ. ದನಿ ಏರಿಸಲಿಲ್ಲ. ಏರಿಸಿದ್ದರೆ ಚೆನ್ನಾಗಿತ್ತು.

ಬಾಯಿಗೆ ಬಂದದ್ದು ಬೇರೆಯೇ ಮಾತು.

"ನಮ್ಮಪ್ಪನೂ ಹಾಗೇ ಅಂತಿದ್ರು. ಕಣ್ಣು ಮುಚ್ಚಿದ್ದೆ ಅಷ್ಟೇ ಅಂತ."

ಅವನು ತಟ್ಟೆಯನ್ನು ಡಬ್ಬಿಯೊಳಗಿಟ್ಟು ಮುಚ್ಚಿದ.

"ಏನು ಓಡಿಸ್ತಿದ್ರು?" ಎಂದ.

ಅಪ್ಪ ಏನಾದರೂ ಓಡಿಸುತ್ತಿದ್ದ ಎಂದು ನಾನು ಹೇಳಿರಲಿಲ್ಲ. "ಲಾರಿ" ಎಂದೆ.

ಡಾಕ್ಟರಮ್ಮ ನಮ್ಮಿಬ್ಬರನ್ನೂ ಒಟ್ಟಿಗೆ ಒಳಗೆ ಕರೆದರು. ಅವನು ನನಗಿಂತ ಮೊದಲೇ, ಪತ್ರ ಈಗ ಬೇಡ, ಮೊದಲು ಇದನ್ನ ಅಳೀರಿ ಎಂದ. ನಾನು ಮತ್ತೊಮ್ಮೆ ಹೇಳಿದೆ. ಅವರು ಅಳೆದರು. ಎಂಟು ತಿರುವು ಕಳೆದು ಲೆಕ್ಕ ಹಾಕಿದರೆ ಶುರುವಿನ ಅಳತೆ ನಾಲ್ಕೂಕಾಲು. ಅವರ ಪುಸ್ತಕದಲ್ಲಿ ಆರು ಎಂದೇ ಬರೆದಿತ್ತು. ಹಾಳೆಯನ್ನು ತುಂಬ ಹೊತ್ತು ನೋಡಿ, ಆರು ಎಂದು ಬರೆದದ್ದು ಮೇಣ ಕಚ್ಚಿಸುವ ಮೊದಲೋ ಆಮೇಲೋ ನೆನಪಾಗುತ್ತಿಲ್ಲ ಎಂದರು. ಆರು ತೆಗೆಯಬೇಕು ಎಂದುಕೊಂಡು ಬರೆದಿರಬಹುದು, ಅವನು ಅಷ್ಟು ಚಾಚದೆ ಇದ್ದಿರಬಹುದು. ತಟ್ಟೆ ಬಂದ ದಿನ ತಾವೇ ಒಮ್ಮೆ ಅಳೆಯಬೇಕಿತ್ತು ಎಂದರು. ಹಾಗಾಗಿ ತಪ್ಪು ಬಿಸಿಲಿನದೋ ಪೆನ್ನಿನದೋ ಇವತ್ತಿಗೂ ನನಗೆ ಗೊತ್ತಿಲ್ಲ. ಪತ್ರವನ್ನು ಅವರು ನಮ್ಮ ಮುಂದೆಯೇ ಹರಿದರು. ಇನ್ನೊಂದು ಪರೀಕ್ಷೆ ಆಗುವ ತನಕ ಬೇರೆ ಪತ್ರ ಕೊಡುವುದಿಲ್ಲ ಎಂದರು. ಅವನು ಹೂಂ ಎಂದ.

ಹಳೆಯ ತಟ್ಟೆಯ ಸ್ಕ್ರೂ ಇನ್ನು ಮುಂದೆ ಹೋಗುವಂತಿರಲಿಲ್ಲ, ಹೊಸ ತಟ್ಟೆಯೇ ಆಗಬೇಕಿತ್ತು. ಹೊಸ ಮೇಣ ಕಚ್ಚಿಸುವಾಗ ನನ್ನನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡರು. ಡ್ರೈವರ್ ದವಡೆ ಮುಂದೆ ಚಾಚಿ, ಮೇಣ ಕಚ್ಚಿ, ಮೂಗಿನಿಂದ ಉಸಿರಾಡುತ್ತಾ, ನನ್ನನ್ನೇ ನೋಡುತ್ತಿದ್ದ. ಡಾಕ್ಟರಮ್ಮ ಅಳೆದು ಅಂಕಿ ಹೇಳಿದರು, ನಾನು ಅವರ ಪುಸ್ತಕದಲ್ಲೂ ನನ್ನ ಪುಸ್ತಕದಲ್ಲೂ ಬರೆದೆ. ಆರು. ಮೇಣವನ್ನು ತಣ್ಣೀರಿನ ಡಬ್ಬಿಯಲ್ಲಿ ಹಾಕಿ ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ವಾಪಸ್ಸು ಬಂದೆ. ಪಕ್ಕದಲ್ಲಿ ಕೂತಾಕೆ, ಒಳಗೆ ಮೀನಿದೆಯಾ ಎಂದು ಕೇಳಿದಳು.

ಮೇಷ್ಟ್ರಿಗೆ ಡಾಕ್ಟರಮ್ಮ ಮೊದಲೇ ಫೋನು ಮಾಡಿದ್ದರು. ಅವರು ಬೈಯಲಿಲ್ಲ. ನನ್ನನ್ನು ದಾಟಿ ಹೋದೆಯಲ್ಲ ಎಂದಷ್ಟೇ ಹೇಳಿದರು. ಅಂದಿನಿಂದ ಅವರು ನನ್ನನ್ನು ಮಿಲಿಮೀಟರಮ್ಮ ಎಂದು ಕರೆದಿಲ್ಲ. ಆ ಹೆಸರು ಇಷ್ಟು ಬೇಕಾಗಿತ್ತು ಎಂದು ಹೋದ ಮೇಲೆ ಗೊತ್ತಾಯಿತು.

ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಡ್ರೈವರನ ಕಥೆ ಹೇಳುತ್ತಾ ಹೇಳುತ್ತಾ, ಯಾವತ್ತೂ ಬಾಯಿ ಬಿಡದಿದ್ದ ಆ ಮಧ್ಯಾಹ್ನದ ಮಾತೂ ಬಂದುಬಿಟ್ಟಿತು. ಅವತ್ತು ಹತ್ತು ದಾಟಿತ್ತಮ್ಮ, ನಾನು ಅಲ್ಲಾಡಿಸಲಿಲ್ಲ ಎಂದೆ. ಅಮ್ಮ ಬಟ್ಟೆ ಮಡಚುತ್ತಿದ್ದಳು. ಮಡಚುತ್ತಲೇ ಇದ್ದಳು.

"ಕೈ ಚಾಚಿದ್ದೆ ನೀನು. ನಾನೇ ಅಡುಗೆಮನೆ ಬಾಗಿಲಲ್ಲಿ ನಿಂತು ಬೇಡ ಅಂದೆ. ಇವತ್ತೊಂದು ದಿನ ನೆಮ್ಮದಿಯಾಗಿ ಮಲಗಲಿ ಬಿಡು ಅಂತ" ಎಂದಳು. ಸ್ವಲ್ಪ ಬಿಟ್ಟು, "ನಾನೂ ಎಣಿಸ್ತಿದ್ದೆ. ಇಪ್ಪತ್ತೊಂದು" ಎಂದಳು.

ನನಗೆ ಅದು ನೆನಪಿಲ್ಲ. ಬಾಗಿಲಲ್ಲಿ ಅಮ್ಮ ನಿಂತಿದ್ದದ್ದಾಗಲಿ, ನನ್ನ ಕೈ ಮುಂದೆ ಹೋಗಿದ್ದಾಗಲಿ. ಮೂವತ್ತನಾಲ್ಕು ವರ್ಷ ಒಂದೇ ಮನೆಯಲ್ಲಿ ಇಬ್ಬರೂ ಅದನ್ನೇ ಬೇರೆಬೇರೆ ಮೂಲೆಯಲ್ಲಿ ಹೊತ್ತಿದ್ದೆವೋ, ಅಥವಾ ನನ್ನ ಮುಖ ನೋಡಲಾರದೆ ಅಮ್ಮ ಆ ಕ್ಷಣಕ್ಕೆ ಕಟ್ಟಿದ ಮಾತೋ, ಹೇಳಲಾರೆ. ಕೇಳಿದರೆ ಅವಳು ಹೇಳುವವಳೂ ಅಲ್ಲ. ಮಡಚಿದ ಬಟ್ಟೆಯನ್ನು ಬಿಚ್ಚಿ ಮತ್ತೆ ಮಡಚಿದಳು.

ಹೊಸ ಜೋಡಿತಟ್ಟೆ ಹೋಗಿ ಮೂರು ವಾರವಾಯಿತು. ಡಾಕ್ಟರಮ್ಮ ಈ ಸಲವೂ ಎಂಟು ತಿರುವು ಹಾಕಿದ್ದಾರೆ, ಈಗ ಅದು ನಿಜವಾದ ಎಂಟು. ಪರೀಕ್ಷೆ ಇನ್ನೂ ದೂರ ಇದೆ. ಡ್ರೈವರ್ ಗೇಟಿನಲ್ಲೇ ಇದ್ದಾನೆ. ದವಡೆ ನೋಯುತ್ತಿದೆ ಎಂದು ಹೇಳಿ ಕಳಿಸಿದ್ದ, ಅದನ್ನು ಕೇಳಿ ನನಗೆ ಸಮಾಧಾನವಾಯಿತು. ಹಗಲು ತೂಕಡಿಕೆ ಕಡಿಮೆಯಾಗಿದೆ ಎಂದನಂತೆ, ಆದರೆ ಅವನ ಮಾತನ್ನು ನಂಬಬೇಡಿ ಎಂದು ನಾನೇ ಡಾಕ್ಟರಮ್ಮನಿಗೆ ಹೇಳಿದ್ದೇನೆ. ಪ್ರೆಶರ್ ಪಾಟ್ ರಿಪೇರಿಯಾಗಿ ಬಂದಿದೆ. ಹೊಸ ಕವಾಟ, ಒಂದಿಷ್ಟೂ ಸೋರುವುದಿಲ್ಲ, ಸದ್ದಿಲ್ಲ.

ಅವನ ಹಳೆಯ ಅಚ್ಚಿಗೆ ಹೊಸ ರಬ್ಬರು ಹಾಕಿ ಮತ್ತೆ ಶೆಲ್ಫಿನ ಮೇಲಿಟ್ಟಿದ್ದೇನೆ. ಮುಗಿದ ಕೆಲಸದ ಅಚ್ಚುಗಳನ್ನು ವರ್ಷ ತುಂಬಿದ ಮೇಲೆ ಒಡೆಯುವುದು ನಮ್ಮ ಪದ್ಧತಿ. ಅದಕ್ಕೆ ಇನ್ನೂ ಕಾಲವಿದೆ. ಇವತ್ತು ಊಟದ ಹೊತ್ತಿನಲ್ಲಿ ಮೇಷ್ಟ್ರು ಹೊರಗೆ ಹೋಗಿದ್ದರು. ಯಂತ್ರಗಳೆಲ್ಲ ನಿಂತಿದ್ದವು. ಬೆನ್ನ ಹಿಂದೆ ಒಂದು ಉಸಿರು ಹೊರಗೆ ಬಂತು, ಮತ್ತೆ ಒಳಗೆ ಹೋಗಲಿಲ್ಲ. ಕೆಲಸ ಬಿಡದೆ ಹತ್ತರವರೆಗೆ ಎಣಿಸಿದೆ. ಆಮೇಲೆ ಎದ್ದು ಹೋಗಿ, ಕೈಯ ಪುಡಿ ಒರೆಸಿಕೊಂಡು, ಅಚ್ಚನ್ನು ಎರಡೂ ಕಡೆ ಹಿಡಿದು ಮೆಲ್ಲಗೆ ಅಲ್ಲಾಡಿಸಿದೆ.